ಏಳು ಗೇಣು ಅಗಲ

ಮಾಘ ಮಾಸದ ಕೊನೆ. ಮಾವಿನ ಹೂವು ಉದುರಿ ಮರದ ತುಂಬ ಕಡಲೆಕಾಳಿನಷ್ಟು ಹೀಚು ನಿಂತಿದ್ದ ಕಾಲ. ಬೆಳಗಿನ ಒಂಬತ್ತು ಗಂಟೆ ಇರಬಹುದು. ಯಲ್ದೂರಿನ ಚನ್ನರಾಯಪ್ಪನ ಹಿತ್ತಿಲಲ್ಲಿ ನಾಲ್ಕು ಕಾಲಿನ ಮೇಲೆ ನಿಂತಿದ್ದ ಮರದ ಕೋಣೆಯ ಅಡಿಗೆ ಸುಭಾನ್ ತನ್ನ ಪಿಕಪ್ಪನ್ನು ಹಿಂದಕ್ಕೆ ಬಿಟ್ಟುಕೊಂಡು ಬಂದು ನಿಲ್ಲಿಸಿದ್ದ. ಮೂಲೆಗೊಬ್ಬರಂತೆ ನಾಲ್ಕು ಜನ ನಿಂತು ಲಾರಿ ಜಾಕುಗಳನ್ನು ಸುತ್ತು ಸುತ್ತಾಗಿ ಇಳಿಸುತ್ತಿದ್ದರು. ಕೋಣೆ ಇಳಿದು ಗಾಡಿಯ ತಳಕ್ಕೆ ಕೂರಬೇಕಾಗಿತ್ತು. ಕೂರಲಿಲ್ಲ. ಗಾಡಿಯ ಎರಡು ಪಕ್ಕದ ಕಬ್ಬಿಣದ ತಗಡಿನ ಮೇಲೆ ಕಟಕ್ಕನೆ ಕೂತು ಅಲ್ಲೇ ನಿಂತಿತು.

"ನಿಲ್ಸಿ, ನಿಲ್ಸಿ! ಯಾ ಅಲ್ಲಾ, ನನ್ ಗಾಡಿ ಸೊಂಟ ಮುರೀತದೆ!" ಎಂದು ಸುಭಾನ್ ಇಳಿದು ಓಡಿಬಂದ.

ಚನ್ನರಾಯಪ್ಪ ಬಗ್ಗಿ ನೋಡಿದ. ಬಲಗಡೆ ಕೋಣೆ ನಾಲ್ಕು ಬೆರಳು ಹೊರಗಿತ್ತು. ಸುತ್ತಿಕೊಂಡು ಎಡಗಡೆಗೆ ಹೋದ. ಅಲ್ಲೂ ನಾಲ್ಕು ಬೆರಳು. ಸಂಕ್ರಾಂತಿಗೆ ಮುಂಚೆ ಇದೇ ಗಾಡಿಯ ಒಳಗಲವನ್ನು ಅವನೇ ಕೈಯಾರೆ ಅಳೆದಿದ್ದ. ಆರು ಗೇಣು, ಮೇಲೆ ನಾಲ್ಕು ಬೆರಳು. ಕೋಣೆ ಆರು ಗೇಣಿಗೆ ಸರಿಯಾಗಿ ಇರಲಿ, ನಾಲ್ಕು ಬೆರಳು ಸಡಿಲ ಇರಲಿ ಎಂದು ಬಡಗಿ ಸೊಣ್ಣಪ್ಪಾಚಾರಿಗೆ ಎರಡೆರಡು ಸಲ ಹೇಳಿದ್ದ. ಈಗ ಗೋಡೆಗೆ ಕೈಯೊಡ್ಡಿ ಗೇಣು ಹಾಕುತ್ತ ಹೋದ. ಏಳು ಬಂತು.

"ತಗಡಿನ ಮೇಲೇ ಕೂರಿಸ್ಕೊಂಡು ಹೋಗಕ್ಕಾಗಲ್ವೇನೋ?"

"ನಕ್ಕೋ ಅಣ್ಣಾ. ಈ ಗಾಡೀಲಿ ಟಮೋಟ ಹೋಗದೆ, ಕುರಿ ಹೋಗವೆ, ಒಂದ್ಸಾರಿ ಮದುವೆ ಹೆಣ್ಣೂ ಹೋಗವ್ಳೆ. ಮನೆ ಇದೇ ಮೊದಲು. ಮೇಲೆ ಕೂರಿಸಿದ್ರೆ ಮೊದಲನೇ ತಿರುವಲ್ಲೇ ಮಗಚ್ಕೊಳ್ತದೆ. ಮಗಚಿಲ್ಲ ಅಂದ್ರೂ ತೋಪಿನ ಕೊಂಬೆ ಬಿಡ್ತದಾ?"

ಕಲ್ಲುಚಪ್ಪಡಿಯ ಮೇಲೆ ತಾಯಿಯ ಪಕ್ಕ ಕೂತಿದ್ದ ಚನ್ನರಾಯಪ್ಪನ ಮಗಳು ಭಾರತಮ್ಮ ಕೈತಟ್ಟಿ "ಪಾಂ ಪಾಂ" ಎಂದಳು. ಅವಳಿಗೆ ಆಗ ಹತ್ತೊಂಬತ್ತು. ದೊಡ್ಡ ಮೈ, ದುಂಡು ಮುಖ, ಬಾಯಲ್ಲಿ ಇಪ್ಪತ್ತೋ ಮೂವತ್ತೋ ಮಾತು. ರಸ್ತೆಯಲ್ಲಿ ಹೋಗುವ ಗಾಡಿಗಳನ್ನು ಸದ್ದಿನ ಮೇಲೇ ಗುರುತು ಹಿಡಿಯುತ್ತಿದ್ದಳು. ಸುಭಾನನ ಗಾಡಿ ಕಂಡರೆ ಪ್ರಾಣ.

"ಆಚಾರಿ," ಎಂದ ಚನ್ನರಾಯಪ್ಪ. "ನಾನು ಹೇಳಿದ್ದು ಎಷ್ಟು?"

ಸೊಣ್ಣಪ್ಪಾಚಾರಿ ಜಾಕಿನ ಕಡ್ಡಿ ಕೆಳಗಿಟ್ಟು ಹೆಗಲ ಮೇಲಿನ ವಸ್ತ್ರದಿಂದ ಕತ್ತು ಒರೆಸಿಕೊಂಡ. ಅರವತ್ತು ದಾಟಿದ ಮನುಷ್ಯ, ಸುತ್ತ ನಾಲ್ಕು ಊರಿನ ಬಾಗಿಲು ಕಟ್ಟುಗಳೆಲ್ಲ ಅವನ ಕೈಯವೇ. "ಆರು ಹೇಳ್ದೆ," ಎಂದ.

"ಮತ್ತೆ?"

ಆಚಾರಿ ಚಪ್ಪಡಿಯ ಕಡೆ ನೋಡಿದ. ಚನ್ನರಾಯಪ್ಪನ ಹೆಂಡತಿ ವೆಂಕಟರತ್ನಮ್ಮ ಎದ್ದು ನಿಂತಳು.

"ಅವರನ್ನ ಏನೂ ಅನ್ಬೇಡಿ. ಏಳು ಮಾಡು ಅಂತ ನಾನೇ ಹೇಳಿದ್ದು."

ಆಮೇಲೆ ಆಚಾರಿಯೇ ಬಿಡಿಸಿ ಹೇಳಿದ. ಉದ್ದ ಅಗಲ ಗುಣಿಸಿ ಎಂಟರಲ್ಲಿ ಭಾಗಿಸಿದರೆ ಉಳಿಯುವುದು ಮನೆಯ ಆಯ. ಬೆಸ ಉಳಿದರೆ ಒಳ್ಳೆಯದು, ಸಮ ಉಳಿದರೆ ಕೆಟ್ಟದ್ದು. ಆರು ಗೇಣು ಅಗಲಕ್ಕೆ ಯಾವ ಉದ್ದ ಇಟ್ಟರೂ ಸಮವೇ ಬರುತ್ತದೆ. ಚನ್ನರಾಯಪ್ಪ ಹೇಳಿದ್ದ ಆರು ಹತ್ತಕ್ಕೆ ಶ್ವಾನಾಯ, ಅಂದರೆ ನಾಯಿಯ ಆಯ. ಐದು ಗೇಣಿಗೆ ಇಳಿಸೋಣವೆಂದರೆ ಇಬ್ಬರು ಮಲಗುವ ಹಾಗಿಲ್ಲ. ಏಳು ಅಗಲ ಒಂಬತ್ತು ಉದ್ದಕ್ಕೆ ಗಜಾಯ, ಆನೆಯ ಆಯ.

"ಗಾಡಿ ಮೇಲೆ ಹೋಗೋ ಪೆಟ್ಟಿಗೇಗೆ ಎಂಥಾ ಆಯ ಅಯ್ಯಾ!" ಎಂದ ಚನ್ನರಾಯಪ್ಪ.

"ಪೆಟ್ಟಿಗೇಲಿ ಹಣ್ಣು ಮಲಗ್ತದೆ. ಇದ್ರಲ್ಲಿ ಮನುಷ್ಯರು ಮಲಗ್ತಾರೆ. ಬಾಗಿಲು ಇಟ್ಟು, ಹೊಸ್ತಿಲು ಇಟ್ಟ್ಮೇಲೆ ಅದು ಮನೆಯೇ. ಸೌಖ್ಯ ಇಲ್ದಿರೋ ಮಗೂನ ನಾಯಿ ಆಯದಲ್ಲಿ ಮಲಗ್ಸೋಕೆ ಅಂತ ನನ್ ಕೈಯಿ ಹೆಂಗೆ ಕೆಲ್ಸ ಮಾಡ್ತದೆ ಹೇಳು. ಗಾಡಿ ಅಳತೆ ನಾನೇನು ಕಂಡೆ? ಗಾಡಿ ಬೇರೆ ಸಿಕ್ತದೆ ಅಂದ್ಕೊಂಡೆ."

ಗಾಡಿ ಬೇರೆ ಸಿಗುತ್ತದೆ ಎಂದೇ ವೆಂಕಟರತ್ನಮ್ಮನೂ ಅಂದುಕೊಂಡಿದ್ದಳು. ಅಷ್ಟೂ ಜನ ಹೊರಟುಹೋದ ಮೇಲೆ ಗಂಡನಿಗೆ ಒಂದು ಲೋಟ ಮಜ್ಜಿಗೆ ತಂದುಕೊಟ್ಟು, "ಇವತ್ತಿಗೆ ಹನ್ನೊಂದು ದಿನ," ಎಂದಳು.

ಅದೇನೆಂದು ಅವನು ಕೇಳಬೇಕಾಗಿರಲಿಲ್ಲ. ಕೋಣೆಯ ಬಾಗಿಲ ಕಂಬದ ಮೇಲೆ ದಿನಕ್ಕೊಂದರಂತೆ ಅವಳು ಸುಣ್ಣದ ಬೊಟ್ಟು ಇಡುತ್ತಿದ್ದಳು. ಕೋಣೆ ಮುಗಿದು ತಾಯಿ ಮಗಳು ಅದರಲ್ಲಿ ಮಲಗಲು ಶುರು ಮಾಡಿದ ದಿನದಿಂದ ಭಾರತಮ್ಮನಿಗೆ ಮೂರ್ಛೆ ಬಂದಿರಲಿಲ್ಲ. ಏಳನೆಯ ವಯಸ್ಸಿನಿಂದ ಈ ಹನ್ನೆರಡು ವರ್ಷದಲ್ಲಿ ವಾರಕ್ಕೆ ಎರಡು ಸಲವಾದರೂ ಬೀಳದೆ ಇದ್ದದ್ದಿಲ್ಲ.

"ಕೋಲಾರದ ಡಾಕ್ಟ್ರು ಮಾತ್ರೆ ಬದಲಾಯಿಸಿದ್ದಾರಲ್ಲ, ಅದ್ರಿಂದ ಇರ್ಬೌದು," ಎಂದ ಚನ್ನರಾಯಪ್ಪ.

"ಮಾತ್ರೆ ಸಂಕ್ರಾಂತಿಯಿಂದ ನುಂಗ್ತಾವ್ಳೆ. ನಿಂತಿದ್ದು ಇದ್ರೊಳಗೆ ಮಲಗಿದ್ಮೇಲೆ."

ಅವನಿಗೂ ಅದು ಸುಳ್ಳೆಂದು ಹೇಳುವ ಧೈರ್ಯವಿರಲಿಲ್ಲ.

ಚನ್ನರಾಯಪ್ಪನಿಗೆ ಸ್ವಂತ ತೋಪಿರಲಿಲ್ಲ. ಪ್ರತಿ ವರ್ಷ ಬೇರೆಯವರ ಮಾವಿನ ಫಸಲನ್ನು ಗುತ್ತಿಗೆ ಹಿಡಿಯುವುದು ಅವನ ಕಸುಬು. ಆ ವರ್ಷ ಎಂಟು ಸಣ್ಣ ತೋಪು ಹಿಡಿದಿದ್ದ. ಯಲ್ದೂರಿನ ಸುತ್ತ ಮೂರು, ರಾಯಲ್ಪಾಡಿನ ಕಡೆ ಮೂರು, ಮುಳಬಾಗಿಲಿನ ಗಡಿಗೆ ಎರಡು. ಒಂದರಲ್ಲಿ ಬಾದಾಮಿ, ಒಂದರಲ್ಲಿ ಬೇನಿಷಾ, ಕೊನೆಯವುಗಳಲ್ಲಿ ತೋತಾಪುರಿ, ನೀಲಂ. ಒಂದೊಂದು ಒಂದೊಂದು ಕಾಲಕ್ಕೆ ಬಲಿಯುವುದರಿಂದ ಯುಗಾದಿಯಿಂದ ಆಷಾಢದವರೆಗೆ ಹತ್ತು ಹನ್ನೆರಡು ದಿನಕ್ಕೊಂದು ಸಲ ಬಿಡಾರ ಎತ್ತಿ ಮುಂದಿನ ತೋಪಿಗೆ ಹೋಗಬೇಕು. ಕಾಯಿ ಬಲಿತ ತೋಪಿನಲ್ಲಿ ಆಳು ಮಲಗದಿದ್ದರೆ ಬೆಳಗಾಗುವುದರೊಳಗೆ ಅರ್ಧ ಮರ ಬೋಳು. ಬಿಡಾರವೆಂದರೆ ತೆಂಗಿನ ಗರಿಯ ಗುಡಿಸಲು. ಮಗಳನ್ನು ಮನೆಯಲ್ಲಿ ಬಿಟ್ಟು ಬರುವಂತಿರಲಿಲ್ಲ. ಮೂರ್ಛೆ ಬಂದಾಗ ಅವಳನ್ನು ಹಿಡಿಯಲು ಇಬ್ಬರು ಬೇಕು. ವೆಂಕಟರತ್ನಮ್ಮ ಕಡ್ಡಿಯಂಥ ಹೆಂಗಸು, ಒಬ್ಬಳ ಕೈಲಾಗುತ್ತಿರಲಿಲ್ಲ. ಹಾಗಾಗಿ ಮೂವರೂ ಗುಡಿಸಲಿನಲ್ಲೇ. ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ ಮಗಳು ಎದ್ದು ಹೋಗಿ ಹಾಳುಬಾವಿಯ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತಿದ್ದಳು. ಹೋದ ವರ್ಷ ಒಲೆಯ ಮೇಲೇ ಬಿದ್ದಳು. ಎಡಗೈ ಮುಂಗೈಯಿಂದ ಮೊಣಕೈವರೆಗೆ ಸುಟ್ಟು ಸುಕ್ಕಾಗಿತ್ತು.

ಗಟ್ಟಿ ನೆಲ, ಮೆತ್ತೆ ಹೊಡೆದ ಗೋಡೆ, ಅಗುಳಿ ಇರುವ ಬಾಗಿಲು. ಇಷ್ಟು ತೋಪಿನಿಂದ ತೋಪಿಗೆ ಬರುವಂತಾದರೆ ಸಾಕು ಎಂದು ಚನ್ನರಾಯಪ್ಪನಿಗೆ ಯೋಚಿಸಿ ಯೋಚಿಸಿ ಕೊನೆಗೆ ಹೊಳೆದದ್ದು ಹಳೆಯದೊಂದು ನೋಟ. ಹತ್ತು ವರ್ಷದ ಹಿಂದೆ ಮುಳಬಾಗಿಲಿನ ಹತ್ತಿರ ಮದ್ರಾಸ್ ರಸ್ತೆಯ ಪಕ್ಕದ ತೋಪಿನಲ್ಲಿದ್ದಾಗ ಬಿಳಿಯ ಗಂಡ ಹೆಂಡತಿ ಒಂದು ಗಾಡಿಯಲ್ಲಿ ಬಂದು ನೆರಳಿಗೆ ನಿಂತಿದ್ದರು. ಗಾಡಿಯ ಬೆನ್ನ ಮೇಲೆ ಪುಟ್ಟ ಮನೆ. ಆ ಗಂಡಸು ಮನೆಗೆ ನಾಲ್ಕು ಕಾಲು ಕೊಟ್ಟು ನಿಲ್ಲಿಸಿ, ಗಾಡಿಯನ್ನು ಅದರ ಅಡಿಯಿಂದ ಈಚೆಗೆ ಬಿಟ್ಟುಕೊಂಡು ಪೇಟೆಗೆ ಹೋಗಿ ಬಂದ. ಅವಳು ಮಾತ್ರ ಮನೆಯೊಳಗೆ ಕೂತು ಹಣ್ಣು ಹೆಚ್ಚುತ್ತಿದ್ದಳು. ಅದನ್ನೇ ಅವನು ಆಚಾರಿಗೆ ನೆಲದ ಮೇಲೆ ಗೀಚಿ ತೋರಿಸಿದ್ದು.

ಈಗ ಕೋಣೆ ಇತ್ತು. ಅದಕ್ಕೆ ಗಾಡಿ ಬೇಕು.

ಕೋಣೆಯ ಅಗಲಕ್ಕೆ ಸೆಣಬಿನ ಹುರಿಯೊಂದನ್ನು ಕತ್ತರಿಸಿ, ಎರಡು ತುದಿಗೂ ಗಂಟು ಹಾಕಿ ಜೇಬಿನಲ್ಲಿಟ್ಟುಕೊಂಡು ಚನ್ನರಾಯಪ್ಪ ಬಸ್ಸು ಹತ್ತಿದ. ಕೋಲಾರದ ಬಸ್‌ಸ್ಟ್ಯಾಂಡಿನ ಹಿಂದೆ ಹುಣಸೆಮರದ ಕೆಳಗೆ ಬಾಡಿಗೆ ಗಾಡಿಗಳು ನಿಲ್ಲುತ್ತಿದ್ದವು. ಒಂದೊಂದಕ್ಕೂ ಹುರಿ ಹಿಡಿದು ನೋಡಿದ. ಜೀಪಿನ ಮೂತಿಯ ಪಿಕಪ್ಪುಗಳೆಲ್ಲ ಸುಭಾನನದರಷ್ಟೇ ಇದ್ದವು. ಮಹಮ್ಮದ್ ಇಸ್ಮಾಯಿಲ್ ಎಂಬುವನ ಮೂರು ಚಕ್ರದ ಟೆಂಪೋ ಒಂದಿಷ್ಟು ಅಗಲವಿತ್ತು.

"ಏನಣ್ಣಾ, ಗಾಡಿಗೆ ಅಂಗಿ ಹೊಲಿಸ್ತೀರಾ?" ಎಂದ ಇಸ್ಮಾಯಿಲ್. ವಿಷಯ ಕೇಳಿದ ಮೇಲೆ ನಗುವುದನ್ನು ಬಿಟ್ಟು ತಾನೇ ಟಯರಿಗೆ ಕಾಲಿನಿಂದ ಒದ್ದು ತೋರಿಸಿದ. "ಮುಂದೆ ಇರೋದು ಒಂದೇ ಚಕ್ರ. ಮೇಲೆ ಮನೆ ಇಟ್ರೆ ತಿರುವಿಗೊಂದು ಸಲಾಂ ಹೊಡೀತದೆ. ಒಳಗೆ ಮಗಳು ಇರ್ತಾಳೆ ಅಂತೀರಿ. ಬೇಡ ಅಣ್ಣಾ. ನಾನು ಬಾಡಿಗೆ ಬಿಟ್ಟೇನು, ಆ ಪಾಪ ಹೊರಲ್ಲ. ಲಾರಿ ನೋಡಿ."

ಲಾರಿ ಅಗಲವೇನೋ ಇತ್ತು. ಆದರೆ ಲಾರಿಯ ಮೇಲೆ ಕೋಣೆ ಇಟ್ಟರೆ ತೋಪಿನೊಳಕ್ಕೆ ಎರಡು ಮರ ದಾಟುವಂತಿರಲಿಲ್ಲ. ಹೀಚು ತುಂಬಿದ ಕೊಂಬೆ ಕಡಿಯಲು ತೋಪಿನ ಯಜಮಾನರು ಬಿಡುವುದೂ ಇಲ್ಲ, ಅವನಿಗೆ ಮನಸ್ಸು ಬರುವುದೂ ಇಲ್ಲ. ಮಾರನೆಯ ವಾರ ಮುಳಬಾಗಿಲಿಗೆ ಹೋದ. ಅಲ್ಲೂ ಅದೇ ಅಗಲ, ಅದೇ ಮಾತು. ಅಲ್ಲೊಬ್ಬ ಡ್ರೈವರು ಹೇಳಿದ, "ಮಾಲೂರಿಗೆ ಹೋಗ್ರೀ. ಇಟ್ಟಿಗೆ ಹೊರೋ ಗಾಡಿ ಅವೆ. ಪಕ್ಕದ ಹಲಗೆ ಕಳಚ್ತವೆ."

ಮಾಲೂರಿನ ಹೊರಗೆ ಹೊಗೆಯಾಡುತ್ತಿದ್ದ ಇಟ್ಟಿಗೆ ಗೂಡಿನ ಪಕ್ಕ ಮಕ್ಕರಿ ಮಗುಚಿ ಹಾಕಿಕೊಂಡು ಅದರ ಮೇಲೆ ಕೂತಿದ್ದ ಹೆಂಗಸೇ ಯಜಮಾನಿ, ದೊಡ್ಡಗಂಗಮ್ಮ. ಎಲೆ ಅಡಿಕೆ ಅಗಿಯುತ್ತ ಆಳುಗಳನ್ನು ಬೈಯುತ್ತಿದ್ದವಳು ಇವನನ್ನು ನೋಡಿ ನಿಲ್ಲಿಸಿದಳು.

"ಏನಪ್ಪಾ, ಹುರಿ ಹಿಡ್ಕೊಂಡು ಬಂದಿದೀಯ? ನನ್ ಗಾಡಿ ಕಟ್ಟಾಕಕ್ಕಾ?"

ಅವನು ಹೇಳಿದ. ಅವಳು ಪೂರ್ತಿ ಕೇಳಿದಳು. ಎದ್ದು ತಾನೇ ಗಾಡಿಯ ಹತ್ತಿರ ಕರೆದುಕೊಂಡು ಹೋಗಿ ಪಕ್ಕದ ಹಲಗೆಗಳ ಮೊಳೆ ಎಳೆಸಿದಳು. ಹಲಗೆ ಕಳಚಿ ಬಿದ್ದವು. ಉಳಿದದ್ದು ಚಪ್ಪಟೆಯ ನೆಲ. ಚನ್ನರಾಯಪ್ಪ ಹುರಿ ಹಿಡಿದ. ಎರಡು ಕಡೆಯೂ ಮೂರು ಮೂರು ಬೆರಳು ಜಾಗ ಉಳಿಯಿತು. ಎತ್ತರವೂ ಲಾರಿಯಷ್ಟಿಲ್ಲ, ಕೊಂಬೆಯ ಕೆಳಗೆ ಹೋಗುತ್ತದೆ. ಅವನು ಹುರಿಯನ್ನು ಇನ್ನೊಂದು ಸಲ ಹಿಡಿದು ನೋಡಿದ.

"ಯಾವತ್ತು ಬೇಕು?"

"ಯುಗಾದಿಗೆ ಮೊದಲನೇ ತೋಪಿಗೆ ಹೋಗ್ಬೇಕಮ್ಮ. ಆಮೇಲೆ ಹತ್ತು ಹನ್ನೆರಡು ದಿನಕ್ಕೊಂದ್ಸಾರಿ. ಕಾಯಿ ಹೆಂಗೆ ಬಲೀತದೋ ಹಂಗೆ."

"ಅಂದ್ರೆ ಯಾವತ್ತು ಅಂತ ನಿಂಗೇ ಗೊತ್ತಿಲ್ಲ."

"ಇಲ್ಲ."

ದೊಡ್ಡಗಂಗಮ್ಮ ಎಲೆಯ ಚರಟ ಉಗಿದು ಬಂದಳು. "ಒಂದಿನ ಅಂದಿದ್ರೆ ಬಾಡಿಗೇನೂ ಬೇಡ ಅಂತ ಕಳಿಸ್ತಿದ್ದೆ ಕಣಪ್ಪಾ. ನಿಮ್ಮೂರೇನು ಇಲ್ಲೇ ಅದಾ? ಹೋಗೋಕೊಂದಿನ, ಬರೋಕೊಂದಿನ. ಅಷ್ಟು ದಿನ ಗಾಡಿ ನಿಂತ್ರೆ ಗೂಡೂ ನಿಲ್ತದೆ, ಇಷ್ಟು ಜನದ ಒಲೇನೂ ನಿಲ್ತದೆ. ನನ್ ಕೆಲ್ಸ ಮಳೆ ಬಿದ್ರೆ ನಿಲ್ತದೆ, ನಿನ್ ಕೆಲ್ಸ ಮಳೆ ಬಿದ್ರೆ ಮುಗೀತದೆ. ಎಲ್ಲಿ ಸೇರ್ತದೆ ಹೇಳು." ಕಳಚಿದ ಹಲಗೆ ಮತ್ತೆ ಹೊಡೆಯಲು ಆಳಿಗೆ ಸನ್ನೆ ಮಾಡಿ, "ಜೂನ್‌ನಾಗೆ ಬಾ. ಆಗ ಗಾಡಿ ಸುಮ್ನೆ ನಿಂತಿರ್ತದೆ. ನೀನೇ ಇಟ್ಕೋ," ಎಂದಳು. ಅವನಿಗೆ ಊಟ ಹಾಕಿಸಿಯೇ ಕಳಿಸಿದಳು.

ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ಚನ್ನರಾಯಪ್ಪ ಎರಡು ಗಾಡಿಯನ್ನೂ ಮನಸ್ಸಿನಲ್ಲೇ ನಿಲ್ಲಿಸಿ ನೋಡಿದ. ಒಂದು, ಕೂಗಿದರೆ ಬರುವ ಸುಭಾನನ ಗಾಡಿ. ಅದಕ್ಕೆ ಕೋಣೆಯನ್ನು ಒಂದು ಗೇಣು ಕೊಯ್ಯಬೇಕು. ಇನ್ನೊಂದು, ಕೋಣೆ ಹಾಗೇ ಕೂರುವ ಗಾಡಿ. ಅದು ಬರುವ ಹೊತ್ತಿಗೆ ಬಾದಾಮಿ, ಬೇನಿಷಾ ಎರಡೂ ಮುಗಿದಿರುತ್ತವೆ, ಉಳಿಯುವುದು ತೋತಾಪುರಿ, ನೀಲಂ. ಅಲ್ಲಿಯವರೆಗೆ ಮತ್ತೆ ಗರಿಯ ಗುಡಿಸಲು, ಮೂರು ಕಲ್ಲಿನ ಒಲೆ.

ಸಂಜೆ ಹಿತ್ತಿಲಿನಲ್ಲಿ ಹೆಂಡತಿಗೆ ಇದನ್ನೇ ಹೇಳಿದ. ಅವಳು ಸೊಪ್ಪು ಬಿಡಿಸುತ್ತಿದ್ದಳು.

"ನೀವು ಹೇಗಂದ್ರೆ ಹಾಗೆ," ಎಂದಳು. ಒಂದು ಹಿಡಿ ಸೊಪ್ಪು ಬಿಡಿಸಿ ಆದ ಮೇಲೆ, "ಇವತ್ತಿಗೆ ಇಪ್ಪತ್ತಾರು ದಿನ," ಎಂದಳು.

ಮೂರು ದಿನದ ಮೇಲೆ ಅವಳ ಅಣ್ಣ ಮುನಿಕೃಷ್ಣಪ್ಪ ಬಂದ. ವೇಮಗಲ್ಲಿನಲ್ಲಿ ಪ್ರೈಮರಿ ಸ್ಕೂಲಿನ ಮೇಷ್ಟ್ರು. ಹೋದ ವರ್ಷ ಭಾರತಮ್ಮ ಕೈ ಸುಟ್ಟುಕೊಂಡಾಗಿನಿಂದ ಅವನದು ಒಂದೇ ಮಾತು. ಹೊಸಕೋಟೆಯ ಆಚೆ ಚರ್ಚಿನ ಸಿಸ್ಟರುಗಳು ನಡೆಸುವ ಒಂದು ಮನೆ ಇದೆ, ಇಂಥ ಹೆಣ್ಣುಮಕ್ಕಳೇ ಮೂವತ್ತು ಜನ ಇದ್ದಾರೆ, ವಾರಕ್ಕೊಂದು ಸಲ ಡಾಕ್ಟರು ಬರುತ್ತಾರೆ. ಈಗ ಒಂದು ಹಾಸಿಗೆ ಖಾಲಿಯಾಗಿದೆ, ಯುಗಾದಿಯೊಳಗೆ ಹೇಳಬೇಕಂತೆ.

"ನಾನೇನು ಅವಳನ್ನ ತಳ್ಳಿಬಿಡು ಅಂತೀನಾ ಚನ್ನರಾಯಪ್ಪ? ನಂಗೂ ಸೋದರಸೊಸೆ ಆಗ್ಬೇಕು. ಒಲೆಗೆ ಬಿದ್ದವಳು ನಾಳೆ ಬಾವಿಗೆ ಬೀಳಲ್ಲ ಅಂತ ಬರ್ಕೊಡ್ತೀಯ?"

"ಕೋಣೆ ಮಾಡ್ಸಿದೀನಲ್ಲ ಭಾವ."

"ಮಾಡ್ಸಿದೀಯ, ಹಿತ್ಲಲ್ಲಿ ನಿಂತದೆ. ಮಗಳು ಹಿತ್ಲಲ್ಲಿ, ನೀನು ತೋಪಲ್ಲಿ. ಬಿದ್ರೆ ಇವಳೊಬ್ಳೇ ಹಿಡೀತಾಳಾ?"

ಭಾರತಮ್ಮ ಬಂದು ಮಾವನ ಜೇಬಿನಿಂದ ಪೆನ್ನು ಕಿತ್ತುಕೊಂಡು ಓಡಿದಳು. "ಕಳ್ಳೀ, ನಿಲ್ಲೇ," ಎಂದು ಮೇಷ್ಟ್ರು ನಗುತ್ತ ಅವಳ ಹಿಂದೆ ಎರಡು ಸುತ್ತು ಓಡಿದ. ಬಂದು ಕೂತಾಗ ಅವನ ಕಣ್ಣು ಕೆಂಪಗಿತ್ತು.

ಅವನು ಬಸ್ಸು ಹತ್ತಿದ ಮೇಲೆ ಚನ್ನರಾಯಪ್ಪ ಸೀದಾ ಆಚಾರಿಯ ಮನೆಗೆ ಹೋದ. "ಒಂದು ಗೇಣು ಕೊಯ್ಯಿ," ಎಂದ. "ಸುಭಾನನ ಗಾಡಿಯೇ ಗಟ್ಟಿ."

ಆಚಾರಿ ಕಡ್ಡಿಯಿಂದ ಹಲ್ಲು ಕೆದಕುತ್ತ ಲೆಕ್ಕ ಹಾಕಿದ. "ಹೊರಗೆ ಆರು ಇಟ್ಟು ಒಳಗಿಂದ ಇನ್ನೊಂದು ಹಲಗೆ ಹೊಡೆದು ಐದು ಮಾಡ್ಲಾ? ಐದು ಒಂಬತ್ತು ನಲವತ್ತೈದು, ವೃಷಭ ಬರ್ತದೆ. ಬೋ ಒಳ್ಳೇದು."

"ಐದರಲ್ಲಿ ನನ್ ಮಗಳು ಅಂಗಾತ ಮಲಗಿದ್ರೆ ಅವರಮ್ಮ ಎಲ್ಲಿ ಮಲಗ್ಬೇಕು? ಬಿದ್ರೆ ಹಿಡಿಯೋಕೆ ಕೈ ಆಡೋದು ಹೆಂಗೆ?"

"ಅದೂ ಸರೀನೇ." ಆಚಾರಿ ಎದ್ದು ಗರಗಸ ತೆಗೆದುಕೊಂಡ. "ತಾಯಿ ಏನಂದ್ಲು?"

"ಏನೂ ಅನ್ಲಿಲ್ಲ."

"ಅದೇ ಕಷ್ಟ ನೋಡು," ಎಂದ ಆಚಾರಿ.

ಕೊಯ್ಯಲು ನಾಲ್ಕು ದಿನ ಹಿಡಿಯಿತು. ಮಾವಿನ ಹಲಗೆಯ ಗೋಡೆ ಬಿಚ್ಚಿ, ನೆಲದ ತೊಲೆ ಕತ್ತರಿಸಿ, ಚಾವಣಿಯ ತಗಡು ಮಡಿಸಿ ಮತ್ತೆ ಹೊಡೆದರು. ವೆಂಕಟರತ್ನಮ್ಮ ಆ ನಾಲ್ಕು ದಿನವೂ ಕೆಲಸದವರಿಗೆ ಊಟ ಹಾಕಿದಳು, ನೀರು ಕೊಟ್ಟಳು. ಉದುರಿದ ಹೊಟ್ಟನ್ನು ಗುಡಿಸಿ ಒಲೆಗೆ ಹಾಕಿದಳು. ಬಾಗಿಲ ಕಂಬ ಮಾತ್ರ ಹಳೆಯದೇ ಉಳಿಯಿತು. ಅದರ ಮೇಲೆ ಮೂವತ್ತು ಬೊಟ್ಟು ಇದ್ದವು. ಮೂವತ್ತೊಂದನೆಯದನ್ನು ಅವಳು ಇಡಲಿಲ್ಲ.

ಯುಗಾದಿಗೆ ನಾಲ್ಕು ದಿನ ಇರುವಾಗ ಸುಭಾನ್ ಬಂದ. ಜಾಕು ಇಳಿಸಿದರು. ಕೋಣೆ ಬೆಂಕಿಪೊಟ್ಟಣದೊಳಗೆ ಕಡ್ಡಿಯ ಗೂಡು ಸೇರುವ ಹಾಗೆ ಸದ್ದಿಲ್ಲದೆ ಇಳಿದು ಕೂತಿತು. ನಾಲ್ಕು ಜನವೂ ಒಟ್ಟಿಗೆ ಹೋ ಎಂದರು. ಸುಭಾನ್ ಹಗ್ಗ ಬಿಗಿದು ಕೋಣೆಯನ್ನು ಅಲುಗಿಸಿ ನೋಡಿದ. "ಅರೇ ವಾಹ್! ಹುಟ್ಟಿದಾಗಿಂದ ಇಲ್ಲೇ ಇದ್ದಂಗದೆ. ಭಾರತಮ್ಮಕ್ಕಾ, ಬಾ, ನಿನ್ ಬಂಗಲೇಗೆ ಹತ್ತು!"

ಭಾರತಮ್ಮ ಓಡಿಬಂದು ಹತ್ತಿದಳು. ಊರಿನೊಳಗೆ ಒಂದು ಸುತ್ತು ಹೊಡೆಸಿ ಎಂದು ಹಟ ಹಿಡಿದಳು. ಸುಭಾನ್ ಹೊಡೆಸಿದ. ಕೋಣೆಯ ಪುಟ್ಟ ಕಿಟಕಿಯಲ್ಲಿ ಮುಖವಿಟ್ಟು ಕಂಡಕಂಡವರಿಗೆಲ್ಲ ಅವಳು "ಪಾಂ ಪಾಂ" ಎನ್ನುತ್ತಿದ್ದರೆ ಅಂಗಡಿ ಮುಂದಿನವರು ಎದ್ದು ನಿಂತು ನಕ್ಕರು. ಚನ್ನರಾಯಪ್ಪ ಡ್ರೈವರಿನ ಪಕ್ಕ ಕೂತಿದ್ದ. ಎಷ್ಟೋ ವರ್ಷದ ಮೇಲೆ ಅವನ ಮೈ ಹಗುರವಾಗಿತ್ತು. ಪಾತ್ರೆ, ಚಾಪೆ, ಅಕ್ಕಿ, ರಾಗಿಹಿಟ್ಟು ಎಲ್ಲ ಒಂದೇ ಸಲಕ್ಕೆ ಹೊತ್ತು ಹೊರಟರು. ಮೂರು ಮೈಲಿ ದೂರದ ಬಾದಾಮಿ ತೋಪಿನಲ್ಲಿ ಕೋಣೆಗೆ ಕಾಲು ಕೊಟ್ಟು ನಿಲ್ಲಿಸಿ ಗಾಡಿ ಅಡಿಯಿಂದ ಈಚೆಗೆ ಬಂದಾಗ ಭಾರತಮ್ಮ ನಕ್ಕು ನಕ್ಕು ಹೊಸ್ತಿಲ ಮೇಲೆ ಕೂತುಬಿಟ್ಟಳು.

ನಾಲ್ಕನೆಯ ದಿನ, ಯುಗಾದಿಯ ಬೆಳಗ್ಗೆ, ತಲೆಗೆ ಎಣ್ಣೆ ಒತ್ತುತ್ತಿದ್ದಾಗ ಮೂರ್ಛೆ ಬಂತು. ಚನ್ನರಾಯಪ್ಪ ತೋಪಿನ ಆ ತುದಿಯಿಂದ ಹೆಂಡತಿಯ ಕೂಗು ಕೇಳಿ ಓಡಿಬಂದ. ಮಗಳನ್ನು ಮಗ್ಗುಲಿಗೆ ಹೊರಳಿಸಿ ಹಿಡಿದುಕೊಂಡ. ವೆಂಕಟರತ್ನಮ್ಮ ಬೀಗದ ಕೈಗೊಂಚಲನ್ನು ಅವಳ ಮುಷ್ಟಿಯೊಳಗೆ ತುರುಕಿದಳು. ಮೈ ಸಡಿಲವಾಗಿ ಒಂದು ಗಳಿಗೆಯಾಗಿರಲಿಲ್ಲ, ಮತ್ತೆ ಬಂತು. ಬಿಸಿಲೇರುವುದರೊಳಗೆ ಮೂರನೆಯದು. ಹಿಂದೆ ಯಾವತ್ತೂ ಒಂದೇ ಹೊತ್ತಿನಲ್ಲಿ ಮೂರು ಬಂದದ್ದಿಲ್ಲ. ಮೂರನೆಯದಾದ ಮೇಲೆ ಅವಳು ಕಣ್ಣು ಬಿಟ್ಟಳು, ಆದರೆ ಸಂಜೆಯವರೆಗೂ ಅಪ್ಪ ಯಾರು, ಅಮ್ಮ ಯಾರು ಎಂದು ತಿಳಿಯಲಿಲ್ಲ. ಕೋಣೆಯ ನೆಲ ಗಟ್ಟಿಯಿತ್ತು, ಗೋಡೆಗೆ ಮೆತ್ತೆ ಇತ್ತು. ಮೈಗೆ ಒಂದು ಗೀರೂ ಆಗಿರಲಿಲ್ಲ.

ಮಧ್ಯಾಹ್ನ ಮಗಳಿಗೆ ಮಾತ್ರೆ ಕೊಡೋಣವೆಂದು ಹುಡುಕಿದರೆ ಮಾತ್ರೆಯ ಡಬ್ಬಿ ಸಿಗಲಿಲ್ಲ. ಚನ್ನರಾಯಪ್ಪ ಸೈಕಲ್ ತುಳಿದುಕೊಂಡು ಊರಿಗೆ ಹೋಗಿ ಬೀಗ ತೆಗೆದ. ಡಬ್ಬಿ ಅಡಿಗೆಮನೆಯ ಗೂಡಿನಲ್ಲೇ ಇತ್ತು. ತೆರೆದು ನೋಡಿದ. ಬಿಡಾರ ಎತ್ತುವ ಗಡಿಬಿಡಿಯಲ್ಲಿ ಅಲ್ಲೇ ಉಳಿದಿದೆ. ನಾಲ್ಕು ದಿನದಿಂದ ಅವಳು ಒಂದೂ ನುಂಗಿಲ್ಲ. ಅವನಿಗೆ ಅಲ್ಲಿಯೇ, ಆ ಖಾಲಿ ಮನೆಯಲ್ಲಿ, ಒಂದು ಥರ ಜೀವ ಬಂದ ಹಾಗಾಯಿತು. ಸೈಕಲ್ಲನ್ನು ಇನ್ನೂ ಜೋರಾಗಿ ತುಳಿದು ವಾಪಸು ಬಂದ.

"ರತ್ನಾ, ನೋಡು. ಮಾತ್ರೆ ಮನೇಲೇ ಉಳಿದಿತ್ತು. ನಾಲ್ಕು ದಿನ ಕೊಟ್ಟಿಲ್ಲ. ಅದಕ್ಕೇ ಬಂದಿದ್ದು, ಬೇರೆ ಏನೂ ಅಲ್ಲ."

ವೆಂಕಟರತ್ನಮ್ಮ ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಡಬ್ಬಿ ತೆಗೆದುಕೊಂಡು ಅಲುಗಿಸಿ ನೋಡಿದಳು.

"ಮರೆತವಳು ನಾನೇ," ಎಂದಳು.

"ಇಬ್ರೂ ಮರೆತ್ವಿ. ಇನ್ಮೇಲೆ ಮರೆಯಲ್ಲ."

"ಹನ್ನೆರಡು ವರ್ಷದಲ್ಲಿ ಒಂದು ಹೊತ್ತು ಮರೆತಿರ್ಲಿಲ್ಲ. ಊಟ ಮರೆತಿದೀನಿ, ಮಾತ್ರೆ ಮರೆತಿಲ್ಲ. ಇದ್ರೊಳಗೆ ಬಂದ್ಮೇಲೆ ನಾಲ್ಕು ದಿನ ಮರೆತೆ. ಯಾಕೆ ಮರೆತೆ ಅಂತ ನೀವೇ ಹೇಳಿ."

ಅವಳ ದನಿಯಲ್ಲಿ ಜಗಳವಿರಲಿಲ್ಲ. ಜಗಳವಿದ್ದಿದ್ದರೆ ಅವನೂ ಏನಾದರೂ ಹೇಳಬಹುದಾಗಿತ್ತು.

"ಏಳಕ್ಕೇ ಮತ್ತೆ ಮಾಡ್ಸೋಣ. ಜೂನ್‌ಗೆ ಮಾಲೂರಿನ ಗಾಡಿ ಬರ್ತದೆ," ಎಂದ.

"ಕೊಯ್ದ ಹಲಗೆ ಬೆಳೀತದಾ?"

ಅವತ್ತು ಸಂಜೆ ತಾಯಿ ಮಗಳು ಕೋಣೆಯೊಳಗೆ ಮಲಗಲಿಲ್ಲ. ಮರದ ಕೆಳಗೆ ಚಾಪೆ ಹಾಸಿಕೊಂಡರು. ಮಾರನೆಯ ದಿನವೂ ಹಾಗೇ. ಭಾರತಮ್ಮ ಎದ್ದು ಓಡಾಡುವಂತಾದ ಮೇಲೆ ತಾನಾಗಿ ಹೋಗಿ ಹೊಸ್ತಿಲ ಮೇಲೆ ಕೂರುತ್ತಿದ್ದಳು. ತಾಯಿ ಹೋಗಿ ಕೈಹಿಡಿದು ಎಬ್ಬಿಸಿಕೊಂಡು ಬರುತ್ತಿದ್ದಳು. ಶನಿವಾರ ಸೊಣ್ಣಪ್ಪಾಚಾರಿ ಸುದ್ದಿ ತಿಳಿದು ತೋಪಿಗೆ ಬಂದ. ಕೋಣೆಯ ಹತ್ತಿರಕ್ಕೆ ಹೋಗಲಿಲ್ಲ. ದೂರದಲ್ಲೇ ಕುಕ್ಕರಗಾಲಲ್ಲಿ ಕೂತು, "ನಾನು ಆರಕ್ಕೇ ಮಾಡಿ ಬಾಯಿ ಮುಚ್ಕೊಂಡಿದ್ರೆ ಆಗ್ತಿತ್ತು," ಎಂದ. "ಇಲ್ಲಾ, ಕೊಯ್ಯಲ್ಲ ಅಂದಿದ್ರೂ ಆಗ್ತಿತ್ತು. ಎರಡೂ ಮಾಡ್ಲಿಲ್ಲ." ಚನ್ನರಾಯಪ್ಪ ಅವನಿಗೆ ಬೀಡಿ ಕೊಟ್ಟ.

ಭಾನುವಾರ ಮುನಿಕೃಷ್ಣಪ್ಪ ಬಂದ. ಅವನಿಗೆ ಹೇಳಿ ಕಳಿಸಿದ್ದು ವೆಂಕಟರತ್ನಮ್ಮನೇ. ಹಾಸಿಗೆ ಇನ್ನೂ ಖಾಲಿ ಇತ್ತು. ಅಲ್ಲಿ ಅಡಿಗೆಮನೆಯಲ್ಲಿ ರುಬ್ಬಿ ಬೇಯಿಸಲು ಒಬ್ಬ ಹೆಂಗಸು ಬೇಕಾಗಿತ್ತಂತೆ. ನಾನೂ ಅಲ್ಲೇ ಇರುತ್ತೇನೆ ಎಂದು ಅವಳು ಆಗಲೇ ತೀರ್ಮಾನ ಮಾಡಿಯಾಗಿತ್ತು.

"ಎಷ್ಟು ದಿನ?" ಎಂದ ಚನ್ನರಾಯಪ್ಪ.

"ಅವಳು ಎಷ್ಟು ದಿನ ಇರ್ತಾಳೋ ಅಷ್ಟು ದಿನ," ಎಂದಳು. "ನೀವು ಹಾಲು ಕಾಯಿಸೋಕೆ ಮರೀಬೇಡಿ. ಅನ್ನ ಹೆಂಗೋ ಮಾಡ್ಕೊಳ್ತೀರಿ. ಸೀರೆ ಎರಡು ಬಿಟ್ಟಿದೀನಿ, ಪೆಟ್ಟಿಗೇಲಿ ಅವೆ."

"ಭಾವ, ನೀನಾದ್ರೂ ಹೇಳು."

ಮುನಿಕೃಷ್ಣಪ್ಪ ನೆಲ ನೋಡಿದ. ಇಷ್ಟು ದಿನ ತಾನೇ ಬೇಡಿಕೊಂಡಿದ್ದು ಈಗ ಕೈಗೆ ಬಂದರೆ ಅದನ್ನು ಹೇಗೆ ಹಿಡಿಯಬೇಕೆಂದು ಅವನಿಗೂ ತೋಚಿರಲಿಲ್ಲ.

ಬಸ್ಸು ತೋಪಿನ ಅಂಚಿನ ರಸ್ತೆಯಲ್ಲೇ ಹೋಗುತ್ತಿತ್ತು. ಮಾರನೆಯ ದಿನ ಬೆಳಗ್ಗೆ ಏಳೂವರೆಗೆ ಕೈ ಅಡ್ಡ ಹಾಕಿ ನಿಲ್ಲಿಸಿದರು. ತೋಪು ಬಿಟ್ಟು ಹೊಸಕೋಟೆಯವರೆಗೂ ಹೋಗಿ ಬರುವಂತಿರಲಿಲ್ಲ. ಚನ್ನರಾಯಪ್ಪ ಗಂಟನ್ನು ಮೇಲಕ್ಕೆ ಕೊಟ್ಟು ಕೆಳಗೇ ನಿಂತ. ಭಾರತಮ್ಮನಿಗೆ ಕಿಟಕಿಯ ಪಕ್ಕ ಜಾಗ ಸಿಕ್ಕಿತ್ತು. ಅವಳು ಸರಳಿನ ಸಂದಿಯಿಂದ ಕೈ ಚಾಚಿ ಅವನ ತಲೆಯ ಮೇಲೆ ಎರಡು ಸಲ ತಟ್ಟಿದಳು.

"ನಾಯ್ನಾ, ಹತ್ತು," ಎಂದು ಅಪ್ಪನನ್ನು ಕರೆದಳು.

"ನೀನು ಹೋಗಿರು ತಾಯಿ," ಎಂದ.

ಕಂಡಕ್ಟರು ಸೀಟಿ ಊದಿದ. ಬಸ್ಸು ತಿರುವು ದಾಟಿದ ಮೇಲೂ ಅವನು ಅಲ್ಲೇ ನಿಂತಿದ್ದ. ಧೂಳು ಇನ್ನೂ ಪೂರ್ತಿ ಇಳಿದಿರಲಿಲ್ಲ, ತೋಪಿನ ಆ ಮೂಲೆಯಲ್ಲಿ ಗಿಳಿಯ ಹಿಂಡು ಬಂದು ಬಿತ್ತು. ಒಂದೇ ಮರದ ಮೇಲೆ ನೂರಾರು. ಅವನು ಕೈಯೆತ್ತಿ, ಗಂಟಲು ಹರಿಯುವ ಹಾಗೆ ಕೂಗುತ್ತ ಮರಗಳ ನಡುವೆ ಓಡಿದ. ಗಿಳಿಗಳು ಎದ್ದು ಇನ್ನೊಂದು ಮರಕ್ಕೆ ಕೂತವು. ಅವನು ಅಲ್ಲಿಗೂ ಓಡಿದ.

ವೆಂಕಟರತ್ನಮ್ಮ, ಭಾರತಮ್ಮ ಹೊರಟದ್ದು ಯುಗಾದಿ ಕಳೆದ ನಾಲ್ಕನೆಯ ದಿನ, ಸೋಮವಾರ.